ಬಾಕ್ ಕುಟ್ ತೇ: ತಿಳಿಸಾರು ಉಣ್ಣಲು ಕಲಿತದ್ದು

ನಾನು ಕೊಡಗಿನವಳು. ಹಂದಿಮಾಂಸ ಅಂದರೆ ನಮಗೆ ಪಂದಿ ಕರಿ. ಹುರಿದು ಕಪ್ಪಾಗಿಸಿದ ಮಸಾಲೆ, ಕೊನೆಯಲ್ಲಿ ಕಾಚಂಪುಳಿ ಎಂಬ ಕಪ್ಪು ಹುಳಿ, ಜೊತೆಗೆ ಕಡಂಬುಟ್ಟು ಎಂಬ ಅಕ್ಕಿ ಕಡುಬು. ಬಟ್ಟಲಿನ ತಳ ಕಾಣುವಷ್ಟು ತಿಳಿಯಾದ ಸಾರಿನಲ್ಲಿ ಹಂದಿಯ ಪಕ್ಕೆಲುಬು ಹಾಕಿ ಕೊಡುವುದನ್ನು ಸಿಂಗಪುರಕ್ಕೆ ಬಂದ ಮೇಲೆಯೇ ನೋಡಿದ್ದು. ಅದರ ಹೆಸರು ಬಾಕ್ ಕುಟ್ ತೇ.

ಭಾನುವಾರ ಟೆಕ್ಕಾ ಮಾರುಕಟ್ಟೆಗೆ ಕರಿಬೇವು, ತೆಂಗಿನಕಾಯಿ ತರಲು ಹೋಗುತ್ತೇನೆ. ಅಲ್ಲಿಂದ ಇನ್ನಷ್ಟು ನಡೆದರೆ ರಂಗೂನ್ ರಸ್ತೆ, ಬಾಲೆಸ್ಟಿಯರ್ ಕಡೆಯ ಬಾಕ್ ಕುಟ್ ತೇ ಅಂಗಡಿಗಳು ಸಿಗುತ್ತವೆ. ನಾನು ಹೋಗುವುದು ಮೂಲೆಯ ಒಂದು ಹಳೆಯ ಅಂಗಡಿಗೆ. ದುಂಡು ಮೇಜು, ಪ್ಲಾಸ್ಟಿಕ್ ಸ್ಟೂಲು, ತಲೆಯ ಮೇಲೆ ಫ್ಯಾನು, ಅಷ್ಟೇ. ಮೊದಲ ದಿನ ಸಾರು ಎದುರಿಗೆ ಬಂದಾಗ ಜ್ವರ ಬಂದವರಿಗೆ ಕೊಡುವ ಗಂಜಿತಿಳಿಯಂತೆ ಕಂಡಿತು. ಒಂದು ಚಮಚ ಕುಡಿದೆ. ಖಾರ ನಾಲಿಗೆಯ ಮೇಲೆ ನಿಲ್ಲಲಿಲ್ಲ, ನೇರ ಗಂಟಲಿಗೆ ಇಳಿದು ಅಲ್ಲಿ ಬೆಚ್ಚಗೆ ಕೂತಿತು. ಮೆಣಸಿನ ಬಳ್ಳಿಗಳ ನಡುವೆಯೇ ಬೆಳೆದ ನನಗೆ ಮೆಣಸೊಂದೇ ಹೀಗೆ ಒಂದಿಡೀ ಅಡುಗೆಯನ್ನು ಹೊರಬಲ್ಲದು ಅಂತ ಅಂದಿನವರೆಗೂ ಗೊತ್ತಿರಲಿಲ್ಲ.

ದಕ್ಷಿಣ ಚೀನಾದ ಹೊಕ್ಕಿಯೆನ್ ಮಾತಿನಲ್ಲಿ ಬಾಕ್ ಅಂದರೆ ಮಾಂಸ, ಕುಟ್ ಅಂದರೆ ಎಲುಬು, ತೇ ಅಂದರೆ ಚಹಾ. ಸಾರಿಗೆ ಚಹಾ ಹಾಕುವುದಿಲ್ಲ, ಪಕ್ಕದಲ್ಲಿಟ್ಟು ಕುಡಿಯುತ್ತಾರೆ. ದಕ್ಷಿಣ ಚೀನಾದಿಂದ ಬಂದು ಬಂದರುಗಳಲ್ಲಿ ಮೂಟೆ ಹೊರುತ್ತಿದ್ದವರ ಊಟ ಇದು ಅನ್ನುತ್ತಾರೆ ಇಲ್ಲಿಯ ಹಿರಿಯರು. ಮಲೇಷ್ಯಾದ ಕ್ಲಾಂಗ್ ಊರಿನದು ಬೇರೆ ಬಗೆ: ಸೋಯಾ ಸಾಸ್, ಚಕ್ಕೆ, ಚಕ್ರಮೊಗ್ಗು, ಡಾಂಗ್ ಗುಯಿಯಂಥ ಚೀನೀ ಬೇರುಗಳು ಸೇರಿ ಕಷಾಯದಂತೆ ಕಪ್ಪಾಗಿರುತ್ತದೆ. 2024ರಲ್ಲಿ ಮಲೇಷ್ಯಾ ಸರ್ಕಾರ ಬಾಕ್ ಕುಟ್ ತೇಯನ್ನು ರಾಷ್ಟ್ರೀಯ ಪರಂಪರೆಯ ತಿನಿಸುಗಳ ಪಟ್ಟಿಗೆ ಸೇರಿಸಿತು. ಸಿಂಗಪುರದಲ್ಲಿ ಹೆಚ್ಚಾಗಿ ಸಿಗುವುದು ದಕ್ಷಿಣ ಚೀನಾ ಮೂಲದ ತಿಯೋಚ್ಯೂ ಜನರ ಬಗೆ. ಅದರಲ್ಲಿ ಬೆಳ್ಳುಳ್ಳಿ ಮತ್ತು ಬಿಳಿಮೆಣಸಿನದೇ ರಾಜ್ಯಭಾರ. ಎರಡನ್ನೂ ತಿಂದಿದ್ದೇನೆ, ನನ್ನ ಮತ ತಿಳಿಸಾರಿಗೆ. ಕಪ್ಪು ಸಾರಿನಲ್ಲಿ ಮಾಂಸದ ರುಚಿಯನ್ನು ಹುಡುಕಬೇಕಾಗುತ್ತದೆ.

ಈಗ ನಾನು ಉಣ್ಣುವ ಕ್ರಮ ಹೀಗಿದೆ. ಪಕ್ಕೆಲುಬು, ಅನ್ನ, ಒಂದು ತಟ್ಟೆ ಯು ತಿಯಾವ್ ಮತ್ತು ಉಪ್ಪಿನಲ್ಲಿ ಹಾಕಿಟ್ಟ ಸಾಸಿವೆ ಸೊಪ್ಪು ಹೇಳುತ್ತೇನೆ. ಯು ತಿಯಾವ್ ಅಂದರೆ ಒಳಗೆ ಟೊಳ್ಳಾಗಿ ಉಬ್ಬಿದ ಮೈದಾ ಹಿಟ್ಟಿನ ಕರಿದ ಕೋಲು, ತುಂಡು ಮಾಡಿ ಕೊಡುತ್ತಾರೆ. ಅದನ್ನು ಸಾರಿನಲ್ಲಿ ಅದ್ದಿ ತಕ್ಷಣ ಎತ್ತಬೇಕು. ಹೊರಗೆ ಗರಿಗರಿ ಇರುವಾಗಲೇ ಒಳಗೆ ಸಾರು ತುಂಬಿರುತ್ತದೆ. ಮಾತಾಡುತ್ತ ಮರೆತರೆ ಮುದ್ದೆ. ಚಿಕ್ಕ ತಟ್ಟೆಯಲ್ಲಿ ಕಪ್ಪು ಸೋಯಾ ಸಾಸ್, ಅದಕ್ಕೆ ನಮ್ಮ ಗಾಂಧಾರಿಯಂಥ ಸಣ್ಣ ಕೆಂಪು ಮೆಣಸಿನಕಾಯಿ ಹೆಚ್ಚಿ ಹಾಕಿಕೊಳ್ಳುವುದು. ಅದು ಮಾಂಸಕ್ಕೆ ಮಾತ್ರ, ಸಾರಿಗೆ ಸುರಿಯಬಾರದು. ಬಟ್ಟಲಿನ ತಳದಲ್ಲಿ ಸಿಪ್ಪೆ ಸಮೇತ ಬೆಂದ ಬೆಳ್ಳುಳ್ಳಿ ಗಡ್ಡೆ ಇರುತ್ತದೆ. ಒಂದು ಎಸಳನ್ನು ಚಮಚದ ಮೇಲಿಟ್ಟು ಬೆರಳಿನಿಂದ ಒತ್ತಿದರೆ ಬೆಣ್ಣೆಯ ಹಾಗೆ ಜಾರಿ ಹೊರಬರುತ್ತದೆ, ಘಾಟು ಎಲ್ಲ ಹೋಗಿ ಸಿಹಿಯಾಗಿರುತ್ತದೆ. ಅದನ್ನು ಹಾಗೇ ಬಿಟ್ಟು ಏಳುವವರನ್ನು ಕಂಡರೆ ನನಗೆ ಸಂಕಟ.

ಸಾರು ಮುಗಿದರೆ "ಆಂಟಿ, ಜಿಯಾ ಟಾಂಗ್" (ಇನ್ನಷ್ಟು ಸಾರು) ಅಂದರೆ ಸಾಕು. ಆಕೆ ಬಂದು ಬಿಸಿ ಸಾರು ಮತ್ತೆ ತುಂಬಿಸಿ ಹೋಗುತ್ತಾರೆ. ಅದಕ್ಕೆ ದುಡ್ಡಿಲ್ಲ. ಕೊನೆಗೆ ಚಹಾ. ತಿಯೆ ಗುವಾನ್ ಯಿನ್ ಎಂಬ ಚೀನೀ ಚಹಾದ ಪೊಟ್ಟಣ ಕೊಂಡರೆ ಪುಟ್ಟ ಮಣ್ಣಿನ ಪಾತ್ರೆ ಮತ್ತು ಎರಡು ಗುಟುಕಿಗೆ ಮುಗಿಯುವ ಬಟ್ಟಲುಗಳು ಬರುತ್ತವೆ. ಮೊದಲು ಸುರಿದ ನೀರಿನಿಂದ ಬಟ್ಟಲು ತೊಳೆದು ಚೆಲ್ಲಿ, ಎರಡನೆಯದನ್ನು ಕುಡಿಯುವುದು. ಕೊಬ್ಬಿನ ಜಿಡ್ಡು ಕತ್ತರಿಸುವ ಕೆಲಸ ಪಂದಿ ಕರಿಯಲ್ಲಿ ಕಾಚಂಪುಳಿಯದು, ಇಲ್ಲಿ ಈ ಚಹಾದ್ದು. ಚಹಾ ಬೇಡವೆಂದು ಎದ್ದುಹೋದ ದಿನಗಳಲ್ಲಿ ಮಧ್ಯಾಹ್ನವಿಡೀ ಹೊಟ್ಟೆ ಭಾರ.

ಮನೆಯಲ್ಲಿ ಮಾಡಲು ಹೊರಟಾಗ ಎರಡು ಸಲ ಕೆಟ್ಟಿತು. ಮೊದಲ ಸಲ ಅಂಗಡಿಯ ಬಿಳಿಮೆಣಸಿನ ಪುಡಿ ಹಾಕಿದೆ. ಸಾರು ಬೂದಿ ಕಲಸಿದಂತಾಯಿತು, ಪರಿಮಳವೇ ಇಲ್ಲ. ಎರಡನೆಯ ಸಲ ಕುಕ್ಕರಿನಲ್ಲಿ ಕೂಗಿಸಿದೆ. ಮಾಂಸ ನಾರುನಾರಾಗಿ ಎಲುಬು ಬಿಟ್ಟುಬಂತು, ಸಾರು ಕದಡಿತು. ಈಗ ಒಂದು ಕಿಲೋ ಪಕ್ಕೆಲುಬನ್ನು ಕುದಿಯುವ ನೀರಿನಲ್ಲಿ ಐದು ನಿಮಿಷ ಬಿಟ್ಟು, ಆ ನೀರು ಚೆಲ್ಲಿ, ಒಂದೊಂದು ತುಂಡನ್ನೂ ನಲ್ಲಿಯ ಕೆಳಗೆ ತೊಳೆಯುತ್ತೇನೆ. ಸಾರು ತಿಳಿಯಾಗುವುದು ಈ ಕೆಲಸದಿಂದಲೇ. ಆಮೇಲೆ ಎರಡು ಲೀಟರ್ ಹೊಸ ನೀರು, ಸಿಪ್ಪೆ ಸಮೇತ ಎರಡು ಗಡ್ಡೆ ಬೆಳ್ಳುಳ್ಳಿ. ಎರಡು ದೊಡ್ಡ ಚಮಚ ಬಿಳಿಮೆಣಸನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಗುಂಡುಕಲ್ಲಿನಿಂದ ಕಾಳು ಎರಡು ಮೂರಾಗಿ ಒಡೆಯುವಷ್ಟು ಮಾತ್ರ ಜಜ್ಜಿ, ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕುತ್ತೇನೆ. ಸಣ್ಣ ಉರಿಯಲ್ಲಿ ಒಂದೂಕಾಲು ಗಂಟೆ. ಉಪ್ಪು ಕೊನೆಗೆ.

ಮೆಣಸು ಮಾತ್ರ ಮಲೇಷ್ಯಾದ ಸರವಾಕ್‌ನದು. ಅಲ್ಲಿ ಹಣ್ಣಾದ ಮೆಣಸನ್ನು ಗೋಣಿಯಲ್ಲಿ ತುಂಬಿ ಹರಿಯುವ ನೀರಿನಲ್ಲಿ ನೆನೆಹಾಕುತ್ತಾರೆ. ಸಿಪ್ಪೆ ಕೊಳೆತು ಬಿಡುತ್ತದೆ, ಉಜ್ಜಿ ತೊಳೆದು ಒಣಗಿಸಿದರೆ ಬಿಳಿ ಕಾಳು. ಕರಿಮೆಣಸಿನ ಘಮದ ಹೆಚ್ಚು ಪಾಲು ಆ ಸಿಪ್ಪೆಯಲ್ಲಿರುತ್ತದೆ, ಖಾರ ಒಳಗಿನ ಬೀಜದಲ್ಲಿ. ಈ ಸಾರಿಗೆ ಬೇಕಾದ್ದು ಬೀಜ.

ಅವ್ವ ಇಲ್ಲಿಗೆ ಬಂದಾಗ ಇದೇ ಸಾರು ಮಾಡಿ ಬಡಿಸಿದೆ. ಮೊದಲ ಬಟ್ಟಲು ಮಾತಿಲ್ಲದೆ ಮುಗಿಸಿದಳು. ಎರಡನೆಯದಕ್ಕೆ, "ನೀನು ಮಸಾಲೆ ಹಾಕೋಕೆ ಮರೆತೆ ಅಂದುಕೊಂಡಿದ್ದೆ, ಬೇಡ, ಹೀಗೇ ಇರಲಿ" ಅಂದಳು. ಆಮೇಲೆ ಒಂದು ಬಿಳಿಕಾಳನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು.

ಈ ವರ್ಷದ ಕೊಯ್ಲಿನಲ್ಲಿ ಕೆಂಪಗೆ ಹಣ್ಣಾದ ಗೊಂಚಲುಗಳನ್ನು ಬೇರೆ ತೆಗೆಸಿ, ಚೀಲದಲ್ಲಿ ಕಟ್ಟಿ ತೋಟದ ತೋಡಿನಲ್ಲಿ ಇಳಿಬಿಟ್ಟಿದ್ದಾಳಂತೆ. ಒಂದು ವಾರವಾಯಿತು, ಸಿಪ್ಪೆ ಬಿಡಲು ಶುರುವಾಗಿದೆ ಅಂತ ನಿನ್ನೆ ಫೋನಿನಲ್ಲಿ ಹೇಳಿದಳು.