ಹ್ಯೂಯೆಲರ ವೃತ್ತಿಜೀವನವನ್ನು ಕನ್ನಡದಲ್ಲಿ ಬರೆದದ್ದು: ನನ್ನ ಅನುಭವ

ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ 1841ರಿಂದ 1866ರವರೆಗೆ ಮುಖ್ಯಸ್ಥರಾಗಿದ್ದ ಪಾದ್ರಿ ವಿಲಿಯಂ ಹ್ಯೂಯೆಲರ ವ್ಯಕ್ತಿಚಿತ್ರ ಬರೆಯಲು ಕುಳಿತ ನಾನು ಮೊದಲು ತಪ್ಪಿದ್ದು ಅವರ ಹೆಸರಿನಲ್ಲೇ. ಇಂಗ್ಲಿಷ್ ಕಾಗುಣಿತವನ್ನು ನಂಬಿ ಎರಡು ಪುಟದ ತುಂಬ ‘ವೇವೆಲ್’ ಎಂದು ಬರೆದ ಮೇಲೆ ಸರಿಯಾದ ಉಚ್ಚಾರಣೆ ತಿಳಿಯಿತು. ಎಲ್ಲವನ್ನೂ ಹೊಡೆದುಹಾಕಿ ತಿದ್ದಿದೆ.

ನಿಜವಾಗಿ ಕಷ್ಟ ಕೊಟ್ಟದ್ದು ‘ಪಾದ್ರಿ’ ಎಂಬ ಮಾತು. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಚರ್ಚು, ಕಾಲೇಜು, ವಿಜ್ಞಾನ ಎಂದು ಮೂರು ಅಂಕಣ ಗೆರೆ ಎಳೆದು ಇಸವಿಗಳನ್ನು ತುಂಬತೊಡಗಿದೆ. ಲ್ಯಾಂಕಾಸ್ಟರ್‌ನ ಬಡಗಿಯೊಬ್ಬರ ಮಗ 1816ರಲ್ಲಿ ಗಣಿತದ ಆನರ್ಸ್ ಪರೀಕ್ಷೆಯಲ್ಲಿ ಎರಡನೆಯ ರ‍್ಯಾಂಗ್ಲರ್ ಆದದ್ದು (ಎಂದರೆ ಎರಡನೆಯ ಸ್ಥಾನ ಗಳಿಸಿದ್ದು), ಮರುವರ್ಷ ಫೆಲೊ, ಎಂದರೆ ಕಾಲೇಜಿನ ವಿದ್ವಾಂಸ ಸದಸ್ಯ, ಆದದ್ದು, 1828ರಲ್ಲಿ ಖನಿಜಶಾಸ್ತ್ರದ, 1838ರಲ್ಲಿ ನೀತಿತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದದ್ದು, 1835ರ ಜೂನ್‌ನಲ್ಲಿ ಯುರೋಪ್ ಮತ್ತು ಅಮೆರಿಕದ ಕರಾವಳಿಯ ನೂರಾರು ಕಡೆಗಳಲ್ಲಿ ಏಕಕಾಲಕ್ಕೆ ಭರತ ಇಳಿತಗಳನ್ನು ಅಳೆಯಿಸಿದ್ದು, ಇವುಗಳಿಂದ ಎರಡು ಅಂಕಣ ಕಿಕ್ಕಿರಿದವು. ಚರ್ಚಿನ ಅಂಕಣದಲ್ಲಿ ಮಾತ್ರ 1825ರ ಡೀಕನ್ ದೀಕ್ಷೆ (ಪಾದ್ರಿಯಾಗುವ ಮೊದಲ ಮೆಟ್ಟಿಲು) ಮತ್ತು 1826ರ ಗುರುದೀಕ್ಷೆ (ಪೂರ್ಣ ಪಾದ್ರಿಯಾದದ್ದು), ಎರಡೇ ಸಾಲು.

ಹಾಗಾದರೆ ಅವರು ಪಾದ್ರಿಯಾದದ್ದೇಕೆ? ಉತ್ತರವಿದ್ದದ್ದು ಕಾಲೇಜಿನ ನಿಯಮಾವಳಿಯಲ್ಲಿ. ಎಂ.ಎ. ಪದವಿ ಪಡೆದ ಏಳು ವರ್ಷಗಳೊಳಗೆ ದೀಕ್ಷೆ ಪಡೆಯದಿದ್ದರೆ, ಕೆಲವೇ ಅಪವಾದಗಳನ್ನು ಬಿಟ್ಟು, ಫೆಲೊ ಸ್ಥಾನ ಕೈತಪ್ಪುತ್ತಿತ್ತು. ಹ್ಯೂಯೆಲರು ಎಂ.ಎ. ಆದದ್ದು 1819ರಲ್ಲಿ. ಪೆನ್ಸಿಲಿನಲ್ಲಿ ಏಳು ಕೂಡಿಸಿದಾಗ 1826 ಬಂತು. ಅವರ ದೈವಭಕ್ತಿ ನಿಜವಾದದ್ದೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ದೀಕ್ಷೆಯ ಹೊತ್ತನ್ನು ಗೊತ್ತುಮಾಡಿದ್ದು ಆ ಗಡುವು ಎಂದೇ ನನ್ನ ಎಣಿಕೆ.

ಕಾಲೇಜಿನ ಮುಖ್ಯಸ್ಥರನ್ನು ಕರೆಯುವ ‘ಮಾಸ್ಟರ್’ ಎಂಬ ಮಾತಿಗೆ ನಾನು ಮೊದಲು ‘ಪ್ರಾಂಶುಪಾಲ’ ಎಂದು ಬರೆದಿದ್ದೆ. ಹಸ್ತಪ್ರತಿ ಓದಿದ ಹಿರಿಯರೊಬ್ಬರು, “ಸ್ವಂತ ಆಸ್ತಿ, ಪ್ರಾರ್ಥನಾಮಂದಿರ, ಊಟದ ಮನೆ, ಮದುವೆಯಾದರೆ ಹೊರಹೋಗಬೇಕಾದ ವಿದ್ವಾಂಸರು ಇದ್ದ ಮೇಲೆ ಅದು ಕಾಲೇಜಲ್ಲ, ಮಠ ಕಣಯ್ಯ” ಎಂದರು. ಆ ಮಾತಿನಿಂದ ಬಹಳಷ್ಟು ತಿಳಿಯಾಯಿತಾದರೂ ಹೋಲಿಕೆ ಕೊನೆಯವರೆಗೆ ನಿಲ್ಲಲಿಲ್ಲ, ಏಕೆಂದರೆ ಅಲ್ಲಿ ಬ್ರಹ್ಮಚರ್ಯದ ಕಟ್ಟು ಫೆಲೊಗಳಿಗಿತ್ತೇ ಹೊರತು ಪೀಠದಲ್ಲಿ ಕೂತವರಿಗಿರಲಿಲ್ಲ. ಹ್ಯೂಯೆಲರ ಮದುವೆ ಮತ್ತು ಮಾಸ್ಟರ್ ಪದವಿಗೆ ನೇಮಕ ಎರಡೂ 1841ರಲ್ಲೇ ಆದವು. ಕಡೆಗೆ ‘ಮಾಸ್ಟರ್’ ಎಂದೇ ಉಳಿಸಿಕೊಂಡೆ.

ಪದಗಳಿಗಾಗಿ ಹೀಗೆ ತಡಕಾಡುವಾಗ, ಅವರೇ ಪದ ಟಂಕಿಸುವುದರಲ್ಲಿ ಪಳಗಿದ ಕೈ ಎಂಬುದು ನೆನಪಾಗಿ ನಗು ಬರುತ್ತಿತ್ತು. ‘ಸೈಂಟಿಸ್ಟ್’ ಪದ ಅವರದು. 1834ರಲ್ಲಿ ವಿಜ್ಞಾನಿ ಫ್ಯಾರಡೆ ಕೇಳಿದಾಗ ವಿದ್ಯುದ್ಧ್ರುವಗಳ ಹೆಸರಾಗಿ ಆನೋಡ್, ಕ್ಯಾಥೋಡ್‌ಗಳನ್ನು ಸೂಚಿಸಿದವರೂ ಅವರೇ.

1866ರ ಫೆಬ್ರುವರಿಯಲ್ಲಿ ಕುದುರೆಯಿಂದ ಬಿದ್ದ ಹ್ಯೂಯೆಲರು ಮಾರ್ಚ್ 6ರಂದು ತೀರಿಕೊಂಡರು. ಅಂದಿಗೂ ಅವರು ಮಾಸ್ಟರ್ ಆಗಿಯೇ ಇದ್ದುದರಿಂದ ಆ ತಾರೀಖನ್ನು ಕಾಲೇಜಿನ ಅಂಕಣದ ಕೆಳಗೆ ಬರೆದೆ.