ಬೂಷ್ಟು ಬಂದ ಕಾಗದದಲ್ಲಿ ಮಲೇರಿಯಾ ರೆಸಿಸ್ಟೆನ್ಸ್ ಹುಡುಕಿದ್ದು: ನನ್ನ ಅನುಭವ

"ಆ ಕಾಗದ ಬಿಸಾಕಿ ಮಾರಾಯ್ರೇ" ಅಂತ ಲ್ಯಾಬ್‌ನಲ್ಲಿ ಎಲ್ಲರೂ ಹೇಳಿದ್ದರು. ಮಲೇರಿಯಾ ರೋಗಿಗಳ ರಕ್ತದ ಹನಿ ಒಣಗಿಸಿಟ್ಟ, ಮಂಗಳೂರಿನ ಮೂರು ಮಳೆಗಾಲ ಕಂಡ ಫಿಲ್ಟರ್ ಪೇಪರ್‌ಗಳು ಅವು. ಅಂಚಿಗೆಲ್ಲ ಬೂಷ್ಟು. ರಕ್ತದ ಚುಕ್ಕೆ ಕಾಫಿ ಕಲೆಯ ಹಾಗೆ ಕಾಣುತ್ತಿತ್ತು. ಕಳೆದ ತಿಂಗಳು ಅವುಗಳಲ್ಲೇ 60ಕ್ಕೆ 50ರಷ್ಟರಲ್ಲಿ ಪಿಎಫ್‌ಸಿಆರ್‌ಟಿ ಬ್ಯಾಂಡ್ (ಜೆಲ್‌ನಲ್ಲಿ ಡಿಎನ್‌ಎ ಗೆರೆ) ಬಂತು. ಈ ಜೀನ್ ಬದಲಾದರೆ ರೋಗಾಣು ಕ್ಲೋರೋಕ್ವಿನ್ ಮಾತ್ರೆಗೆ ಬಗ್ಗುವುದಿಲ್ಲ, ಅದೇ ರೆಸಿಸ್ಟೆನ್ಸ್. ಎಲ್ಲವೂ ಫಾಲ್ಸಿಪ್ಯಾರಮ್, ಮಲೇರಿಯಾದ ಹೆಚ್ಚು ಅಪಾಯಕಾರಿ ಜಾತಿ.

ದುಡ್ಡು ಕಳೆದ ಕಥೆ ಮೊದಲು ಹೇಳುತ್ತೇನೆ. ಡಿಎನ್‌ಎ ತೆಗೆಯುವ ಕಾಲಮ್ ಕಿಟ್ ತರಿಸಿದೆ, ಸ್ಯಾಂಪಲ್‌ಗೆ ಹತ್ತಿರಹತ್ತಿರ 250 ರೂಪಾಯಿ. 20 ಹಾಕಿದರೆ ಬಂದಿದ್ದು 6. ಹೊಟ್ಟೆ ಉರಿಯಿತು. ಹಳೇ ಚೆಲೆಕ್ಸ್ (ರಾಳದ ಪುಡಿಯೊಂದಿಗೆ ಕುದಿಸಿ ಡಿಎನ್‌ಎ ತೆಗೆಯುವ) ದಾರಿಗೇ ಬಂದೆ. ರಾತ್ರಿಯಿಡೀ ರಕ್ತಕಣ ಒಡೆಯುವ ಸಪೋನಿನ್‌ನಲ್ಲಿ ನೆನೆಸುವುದು, ತೊಳೆಯುವುದು, ಕುದಿಸುವುದು. ಖರ್ಚು 20 ರೂಪಾಯಿ ದಾಟಿರಲಿಕ್ಕಿಲ್ಲ. ಆದರೂ ಎರಡು ಸುತ್ತು ಜೆಲ್ ಖಾಲಿ! ತಪ್ಪು ನನ್ನದೇ. ಕಂದು ಬಣ್ಣ ಪೂರ್ತಿ ಬಿಡುವ ಮೊದಲೇ ಅವಸರದಲ್ಲಿ ಕುದಿಸಿದ್ದೆ. ರಕ್ತಕ್ಕೆ ಬಣ್ಣ ಕೊಡುವ ಹೀಮ್ ಉಳಿದರೆ ಡಿಎನ್‌ಎ ನಕಲು ಮಾಡುವ ಪಿಸಿಆರ್ ಏಳುವುದೇ ಇಲ್ಲ, ಅಲ್ವಾ? ತೊಳೆಯುವ ಕ್ರಮ ಬದಲಿಸಿದೆ, ಕೆಲಸ ಆಯಿತು. ಏನು ಬದಲಿಸಿದೆ ಅಂತ ಈಗಲೇ ಹೇಳಲ್ಲ, ಪೇಪರ್ ಬರೆಯಬೇಕಿದೆ.

ಆಮೇಲಿನದು ಇನ್ನೂ ದೊಡ್ಡ ಎಡವಟ್ಟು. ಆ ಜೀನ್‌ನ 145 ಬೇಸ್‌ನ (ಡಿಎನ್‌ಎ ಅಕ್ಷರದ) ತುಂಡಿಗೆ ಅಪೋ-1 ಎಂಜೈಮ್ ಹಾಕಿದೆ. ಔಷಧಿಗೆ ಬಗ್ಗುವ ತಳಿಯ ತುಂಡನ್ನು ಮಾತ್ರ ಅದು ಕತ್ತರಿಸುತ್ತದೆ. ಒಂದೂ ಕತ್ತರಿಸಲಿಲ್ಲ. ಅಂದರೆ ಎಲ್ಲವೂ 76ಟಿ (ಔಷಧಿಗೆ ಬಗ್ಗದ ರೂಪ), ನೂರಕ್ಕೆ ನೂರು ಕ್ಲೋರೋಕ್ವಿನ್ ರೆಸಿಸ್ಟೆನ್ಸ್ ಅಂತ ಕುಣಿದುಬಿಟ್ಟೆ. ನೋಡಿದರೆ 3ಡಿ7 ಕಂಟ್ರೋಲ್ (ಔಷಧಿಗೆ ಬಗ್ಗುವ, ಕತ್ತರಿಸಲೇಬೇಕಾದ ಲ್ಯಾಬ್ ತಳಿ) ಕೂಡ ಇಡಿಯಾಗೇ ಕೂತಿತ್ತು! ಕರೆಂಟ್ ಹೋದ ರಾತ್ರಿ ಫ್ರೀಜರ್‌ನಲ್ಲಿ ಎಂಜೈಮ್ ಸತ್ತಿತ್ತು. ಎಂಟೊಂಬತ್ತು ಸಾವಿರ ನೀರುಪಾಲು. ಈ ಪರೀಕ್ಷೆ ಕೆಟ್ಟರೂ ಫಲಿತಾಂಶದ ಹಾಗೇ ಕಾಣುತ್ತದೆ. ಈಗ ಪ್ರತಿ ಜೆಲ್‌ಗೂ ಬಗ್ಗುವ 3ಡಿ7, ಬಗ್ಗದ ಡಿಡಿ2 ಎರಡೂ ಇರಲೇಬೇಕು.

ಹೊಸ ಎಂಜೈಮ್‌ಗೆ 3ಡಿ7 ಸರಿಯಾಗಿ 99, 46 ಆಗಿ ಒಡೆಯಿತು. ನಮ್ಮ 50ರಲ್ಲಿ 45ರಷ್ಟು ಒಡೆಯಲಿಲ್ಲ, ಅಂದರೆ 76ಟಿ. ಮಲಾವಿಯಲ್ಲಿ 1993ರಲ್ಲಿ ಕ್ಲೋರೋಕ್ವಿನ್ ಬಿಟ್ಟ ಮೇಲೆ, ಹತ್ತು ವರ್ಷ ತುಂಬುವ ಮೊದಲೇ ಔಷಧಿಗೆ ಬಗ್ಗುವ ತಳಿ ಮರಳಿತ್ತು. ನಮ್ಮಲ್ಲಿ ಫಾಲ್ಸಿಪ್ಯಾರಮ್‌ಗೆ ಆ ಮಾತ್ರೆ ನಿಲ್ಲಿಸಿದರೂ ವೈವಾಕ್ಸ್‌ಗೆ (ಮಲೇರಿಯಾದ ಇನ್ನೊಂದು ಜಾತಿ) ಅದನ್ನೇ ಕೊಡುತ್ತೇವೆ. ಮಂಗಳೂರಿನಲ್ಲಿ ವೈವಾಕ್ಸೇ ಜಾಸ್ತಿ. ಊರಿಡೀ ಜನರ ರಕ್ತದಲ್ಲಿ ಕ್ಲೋರೋಕ್ವಿನ್ ಇರುವಾಗ 76ಟಿ ಯಾಕೆ ಜಾಗ ಖಾಲಿ ಮಾಡುತ್ತದೆ?

ಹತ್ತನ್ನು ಸೀಕ್ವೆನ್ಸಿಂಗ್‌ಗೆ ಕಳಿಸಿದೆ. ಒಂಬತ್ತು ಎಸ್‌ವಿಎಂಎನ್‌ಟಿ, ನಮ್ಮಲ್ಲಿ ಮಾಮೂಲಿ ಕಾಣುವ 76ಟಿ ರೂಪ. ಉಳಿದ ಒಂದು ಆಗ್ನೇಯ ಏಷ್ಯಾದ ಸಿವಿಐಇಟಿ. ರಿಜಿಸ್ಟರ್ ತೆಗೆದು ನೋಡಿದರೆ ಆ ರೋಗಿ ಅಸ್ಸಾಂನಿಂದ ಕಟ್ಟಡ ಕೆಲಸಕ್ಕೆ ಬಂದವರು. 1973ರಲ್ಲಿ ದೇಶದಲ್ಲೇ ಮೊದಲು ಕ್ಲೋರೋಕ್ವಿನ್ ಸೋತ ವರದಿ ಬಂದಿದ್ದೂ ಅಸ್ಸಾಂನ ಕಾರ್ಬಿ ಆಂಗ್ಲಾಂಗ್‌ನಿಂದಲೇ. ಒಂದೇ ಸ್ಯಾಂಪಲ್ ಇಟ್ಟುಕೊಂಡು ದಾರಿ ಗೀಚಬಾರದು, ಗೊತ್ತು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ನಡುವೆ ಸುಮ್ನೆ ಒಂದೆರಡು ಪ್ರಯೋಗ ಮಾಡಿದೆ. ಬಳಸಿದ ಆರ್‌ಡಿಟಿ (ಮಲೇರಿಯಾ ತ್ವರಿತ ಪರೀಕ್ಷೆ) ಪಟ್ಟಿ ಕತ್ತರಿಸಿ ಕುದಿಸಿದರೆ 10ಕ್ಕೆ 7 ಬಂತು. ಗೀಮ್ಸಾ ಬಣ್ಣ ಹಾಕಿದ ರಕ್ತದ ಸ್ಲೈಡ್ ಕೆರೆದಿದ್ದಕ್ಕೆ 2 ಮಾತ್ರ.

ಈಗಿನ ಮುಖ್ಯ ಔಷಧಿ ಆರ್ಟಿಮಿಸಿನಿನ್‌ಗೆ ರೆಸಿಸ್ಟೆನ್ಸ್ ತೋರಿಸುವ ಕೆ13 ಜೀನ್ ಮಾತ್ರ ಕಾಡಿಸಿತು. 849 ಬೇಸ್‌ನ ಉದ್ದದ ತುಂಡು, ಹಳೇ ಡಿಎನ್‌ಎ ಚೂರುಚೂರು. ಮೂರು ಭಾಗ ಮಾಡಿ ಹೊಸ ಪ್ರೈಮರ್ ಬರೆದೆ. 580ರ ಜಾಗ ಇರುವ ಭಾಗ ಮೊದಲು ಬಂತು. ಓದಲು ಸಿಕ್ಕ 30ರಲ್ಲೂ ಮೂಲದ ಸಿ ಹಾಗೇ ಇದೆ, ಕಾಂಬೋಡಿಯಾದ ರೆಸಿಸ್ಟೆನ್ಸ್ ತಳಿಯ ವೈ ಇಲ್ಲ. ಉಳಿದೆರಡು ಭಾಗದ ಪ್ರೈಮರ್‌ಗೆ ದುಡ್ಡು ಕೇಳಿದ್ದೇನೆ.