ಕುಂತಿ ಬೆಟ್ಟ ಇಳಿಯಲು ಕಲಿತದ್ದು

ಎರಡು ವರ್ಷ, ವಾರಕ್ಕೆ ಮೂರು ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಓಡಿ ಹತ್ತಿದ್ದೇನೆ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಆ ಸಾವಿರ ಮೆಟ್ಟಿಲುಗಳ ಮೇಲೇ ನನ್ನ ಉಸಿರು ಪಳಗಿದ್ದು. ಆ ಧೈರ್ಯದಲ್ಲೇ ಪಾಂಡವಪುರದ ಕುಂತಿ ಬೆಟ್ಟಕ್ಕೆ ಹೋದೆ.

ಹತ್ತಿದ್ದೇನೋ ಸಲೀಸು. ಇಳಿಯುವಾಗ ಬೋಳು ಬಂಡೆಯ ಮೇಲೆ ಜಾರಿ ಅಂಗೈ ಸುಲಿದುಹೋಯಿತು. ಎರಡೂ ಕಾಲಿನ ಹೆಬ್ಬೆರಳಿನ ಉಗುರು ಕಪ್ಪಾದವು. ಕುರಿ ಕಾಯುತ್ತಿದ್ದ ಯಜಮಾನರೊಬ್ಬರು ನೋಡಿ, "ಇಮ್ಮಡೀಲಿ ಇಳೀಬ್ಯಾಡಿ ಸಾಮಿ, ಪಾದ ಪೂರಾ ಊರಿ" ಅಂದರು.

ಅಷ್ಟೇ ಸಾಕಾಯಿತು. ಹೆದರಿ ಹಿಂದಕ್ಕೆ ವಾಲಿದರೆ ಬಂಡೆಗೆ ತಾಗುವುದು ಹಿಮ್ಮಡಿಯ ತುದಿ ಮಾತ್ರ, ಅಟ್ಟೆಯ ಹಿಡಿತವೆಲ್ಲ ವ್ಯರ್ಥ. ಮಂಡಿ ಸ್ವಲ್ಪ ಮಡಿಚಿ, ಮೈಭಾರವನ್ನು ಪಾದದ ನೇರಕ್ಕೆ ತಂದು, ಪುಟ್ಟ ಪುಟ್ಟ ಹೆಜ್ಜೆ ಇಡಬೇಕು.

ಮೈಸೂರಿಗೆ ಬಂದು ಅಭ್ಯಾಸವನ್ನೇ ತಿರುಗಿಸಿದೆ. ಈಗ ತೊಡೆಯ ಮೇಲೆ ಕೈಯೂರಿ ನಡೆದೇ ಹತ್ತುತ್ತೇನೆ, ಓಟವೆಲ್ಲ ಇಳಿಯುವಾಗ. ಮೊದಲ ವಾರ ನಂದಿಯಿಂದ ಕೆಳಗಿಳಿಯುವಷ್ಟರಲ್ಲಿ ತೊಡೆ ನಡುಗುತ್ತಿತ್ತು. ಕಣ್ಣು ಕಾಲಿನ ಮೇಲಲ್ಲ, ಮೂರು ಮೆಟ್ಟಿಲು ಮುಂದಿರಬೇಕು. ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಹತ್ತುವ ತಾಯಂದಿರು ಎದುರಾದರೆ ಅಂಚಿಗೆ ಸರಿದು ನಡೆಯುತ್ತೇನೆ. ಒದ್ದೆ ಕುಂಕುಮ ಜಾರುತ್ತದೆ ನಿಜ, ಅದಕ್ಕಿಂತ ಮಿಗಿಲಾಗಿ ಅದು ಒಬ್ಬರ ಹರಕೆ. ಆಷಾಢ ಶುಕ್ರವಾರ ಆ ಕಡೆ ಓಡಲು ಹೋಗುವುದೇ ಇಲ್ಲ.

ಶೂ ಅರ್ಧ ಸೈಜು ದೊಡ್ಡದು ಕೊಂಡೆ. ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿದರೆ ಪಾದ ಮುಂದಕ್ಕೆ ಜಾರಿ ಬೆರಳು ಗುದ್ದುವುದಿಲ್ಲ. ಮಳೆ ಬಂದ ಮಾರನೇ ದಿನ ಬಂಡೆಯ ಹಾವಸೆ ಒಣಗುವ ತನಕ ಕುಂತಿ ಬೆಟ್ಟದ ತಂಟೆಗೆ ಹೋಗುವುದಿಲ್ಲ, ಎಷ್ಟೇ ಅನುಭವವಿದ್ದರೂ.

ತುದಿಯಲ್ಲಿ ಮಾತ್ರ ಹತ್ತು ನಿಮಿಷ ಕೂರುತ್ತೇನೆ. ಕೆಳಗೆ ಕಬ್ಬಿನ ಗದ್ದೆ, ಅತ್ತ ತೊಣ್ಣೂರು ಕೆರೆ. ವನವಾಸದಲ್ಲಿ ಪಾಂಡವರು ತಾಯಿ ಕುಂತಿಯೊಡನೆ ಇಲ್ಲಿದ್ದರೆಂದು ಊರವರು ಹೇಳುತ್ತಾರೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಹಿಂದೆ ಹಿರೋಡೆ ಎನಿಸಿಕೊಂಡಿದ್ದ ಇದೇ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಇತ್ತು. ಅವರು ಬೂಟು ಹಾಕಿಕೊಂಡೇ ಈ ಬಂಡೆ ಹತ್ತಿದ್ದರೇ ಎಂದು ಪ್ರತಿಸಲವೂ ಯೋಚನೆ ಬರುತ್ತದೆ.

ಕಳೆದ ಭಾನುವಾರ ಒಮ್ಮೆಯೂ ಕೈ ಊರದೆ ಕೆಳಗಿನ ಕೊಳದವರೆಗೆ ಇಳಿದೆ. ಎಡಗಾಲಿನ ಉಗುರು ಇನ್ನೂ ಪೂರ್ತಿ ಬೆಳೆದಿಲ್ಲ.